ಬೊಳ್ಳನ ತಟ್ಟೆ, ನಮ್ಮ ಪಾಂಡಿತ್ಯ

ರಜೆಗೆ ಮನೆಗೆ ಹೋದ ಇಂಜಿನಿಯರಿಂಗ್ ಸ್ಟೂಡೆಂಟಿಗಿಂತ ದೊಡ್ಡ ಪಂಡಿತ ಇಡೀ ಊರಲ್ಲಿ ಬೇರೆ ಸಿಗುವುದಿಲ್ಲ. ವೈಫೈ ಯಾಕೆ ಸ್ಲೋ, ಮಿಕ್ಸಿ ಯಾಕೆ ಸುಟ್ಟುಹೋಯ್ತು, ಅಜ್ಜನ ಬಿಪಿ ಮಾತ್ರೆ ಊಟಕ್ಕೆ ಮೊದಲಾ ನಂತರವಾ, ಎಲ್ಲದಕ್ಕೂ ನಮ್ಮ ಹತ್ತಿರ ಉತ್ತರ ಉಂಟು. ಮ್ಯಾಥ್ಸ್‌ನಲ್ಲಿ ಬ್ಯಾಕ್ ಇದ್ದರೂ ಪರವಾಗಿಲ್ಲ, ಮನೆಯಲ್ಲಿ ಮಾತ್ರ ನಾವೇ ವಿಶ್ವೇಶ್ವರಯ್ಯ. 2025ರ ಮಳೆಗಾಲದಲ್ಲಿ ಈ ಪಾಂಡಿತ್ಯವನ್ನು ನಾವು ಒಂದು ನಾಯಿಯ ತಟ್ಟೆಯ ಮೇಲೆ ಪ್ರಯೋಗಿಸಿದೆವು. ಅದರಿಂದ ನಮಗೊಂದು ಅಭಿಪ್ರಾಯ ಹುಟ್ಟಿತು. ನೆಂಟರ ಮನೆಯ ನಾಯಿಗೆ ಒಳ್ಳೆ ಊಟ ಆಗಬೇಕು ಅಂತಿದ್ದರೆ ಅಂಗಡಿಗೆ ಹೋಗುವ ಮೊದಲು ಅವರ ಅಡುಗೆಮನೆಗೆ ಹೋಗಬೇಕು, ಹೋಗಿ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ಕೂರಬೇಕು. ಇದು ಯಾಕೆ ಅಂತ ಹೇಳ್ತೇವೆ.

ನಾವು ಅಂದರೆ ಕಸಿನ್ಸ್ ಮೂವರು. ನಮ್ಮ ದೊಡ್ಡಮ್ಮನ ಮನೆ ಉರ್ವದಲ್ಲಿ, ಮಾರ್ಕೆಟಿನಿಂದ ಐದು ನಿಮಿಷ ನಡೆದರೆ ಸಿಗುವ ಹಂಚಿನ ಮನೆ. ದೊಡ್ಡಮ್ಮ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮಕ್ಕಳು ಈಗ ಹೊರಗೆ. ಮನೆಯಲ್ಲಿ ಇರುವುದು ದೊಡ್ಡಮ್ಮ, ದೊಡ್ಡಪ್ಪನ ಪೆನ್ಷನ್, ಮತ್ತು ಬೊಳ್ಳ. ಬೊಳ್ಳ ಅಂದರೆ ಬಿಳಿ ಬಣ್ಣದ ಊರುನಾಯಿ, 16 ಕೆಜಿ, ಒಂದು ಕಿವಿ ಕಂದು. ಮರಿಯಾಗಿದ್ದಾಗ ಚರಂಡಿ ಬದಿಯಲ್ಲಿ ಸಿಕ್ಕಿದ್ದು. ಅವನ ಊಟ ನಮ್ಮ ಕರಾವಳಿಯ ಸಾವಿರ ಮನೆಗಳ ನಾಯಿಗಳ ಊಟವೇ: ಬೆಳಗ್ಗೆ ಚಾದ ಜೊತೆ ಎರಡು ಗ್ಲೂಕೋಸ್ ಬಿಸ್ಕತ್ತು, ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಗೆ ನಿನ್ನೆಯ ಮೀನು ಸಾರು, ರಾತ್ರಿ ಮತ್ತೆ ಅದೇ. ಆದಿತ್ಯವಾರ ಕೋರಿ ಮಾಡಿದರೆ ಎಲುಬು.

ಜೂನ್‌ನಲ್ಲಿ ನಾವು ಹೋದಾಗ ಇದನ್ನು ನೋಡಿ ಕೂಗಾಡಿದೆವು. "ಎಂತ ದೊಡ್ಡಮ್ಮ ಇದು, ನಾಯಿಗೆ ಹೀಗೆಲ್ಲ ಹಾಕ್ತಾರಾ? ನಾಯಿಗೆ ಡಾಗ್ ಫುಡ್ಡೇ ಹಾಕ್ಬೇಕು." ಮೂವರೂ ಸೇರಿ ದುಡ್ಡು ಒಟ್ಟುಮಾಡಿ 2,400 ರೂಪಾಯಿ ಕೊಟ್ಟು 3 ಕೆಜಿಯ ಒಂದು ಚೀಲ ತಂದೆವು. ಫಾರಿನ್ ಕಂಪನಿಯದ್ದು, ಮೇಲೆ ತೋಳದ ಚಿತ್ರ. ಬೊಳ್ಳ ಅದರ ಪಕ್ಕ ನಿಂತ ಫೋಟೋ ಸ್ಟೋರಿಗೆ ಹಾಕಿದೆವು, ಹಾರ್ಟ್ ಬಂದವು. ದೊಡ್ಡಮ್ಮ "ಆಯ್ತು ಮಗಾ" ಅಂದರು. ನಾವು ಹಾಸ್ಟೆಲಿಗೆ ವಾಪಸ್.

ಆಗಸ್ಟ್‌ನಲ್ಲಿ ಫೋನ್ ಬಂತು. ಬೊಳ್ಳ ಎರಡು ದಿನದಿಂದ ತಿಂತಾ ಇಲ್ಲ, ವಾಂತಿ, ಮಲಗಿದಲ್ಲೇ ಇದ್ದಾನೆ. ಆಟೋದಲ್ಲಿ ಎತ್ತಿ ಹಾಕಿಕೊಂಡು ಡಾಕ್ಟರ್ ಹತ್ತಿರ ಹೋದೆವು. ಡಾಕ್ಟರ್ ಮೇಡಂ ಮೊದಲು ಕೇಳಿದ್ದೇ "ಇವನಿಗೆ ಮನೆಯಲ್ಲಿ ಊಟ ಎಂತ ಹಾಕ್ತೀರಿ ಅಮ್ಮ?" ಅಂತ. ದೊಡ್ಡಮ್ಮ ನಮ್ಮ ಮುಖ ನೋಡಿ "ಈ ಮಕ್ಕಳು ತಂದುಕೊಟ್ಟದ್ದೇ" ಅಂದರು. ಮೇಡಂ ನಮ್ಮನ್ನೊಮ್ಮೆ ನೋಡಿ, ಒಂದು ಚೀಟಿ ಬರೆದು, ಔಷಧಿ ತರಲು ಹೊರಗೆ ಕಳಿಸಿದರು. ನಾವು ವಾಪಸ್ ಬರುವಷ್ಟರಲ್ಲಿ ದೊಡ್ಡಮ್ಮ ಎಲ್ಲ ಹೇಳಿಯಾಗಿತ್ತು.

ಆದದ್ದು ಇಷ್ಟು. ಮೊದಲ ಮೂರು ದಿನ ತಟ್ಟೆ ತುಂಬ ಹೊಸ ಫುಡ್ ಹಾಕಿದರು, ಬೊಳ್ಳನಿಗೆ ಭೇದಿ ಶುರುವಾಯ್ತು. ಒಂದೇ ಸಲ ಊಟ ಬದಲಿಸಿದರೆ ಹಾಗಾಗುವುದು ಸಾಮಾನ್ಯ, ವಾರದ ಮಟ್ಟಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಬದಲಿಸಬೇಕು. ಚೀಲದ ಮೇಲೆ ಅದನ್ನು ಬರೆದಿತ್ತು, ಇಂಗ್ಲಿಷಿನಲ್ಲಿ. ಓದಬಲ್ಲ ನಾವು ಓದಿರಲಿಲ್ಲ. ಆಮೇಲೆ ದೊಡ್ಡಮ್ಮ ದಿನಕ್ಕೊಂದು ಮುಷ್ಟಿ ಗಂಜಿಯ ಮೇಲೆ ಉದುರಿಸತೊಡಗಿದರು, ಮುಗಿದುಹೋದರೆ ನಾವು ಮತ್ತೆ ಖರ್ಚು ಮಾಡ್ತೇವೆ ಅಂತ. ಚೀಲದ ಬಾಯಿಗೆ ಬಾಳೆನಾರು ಕಟ್ಟಿ ಅಡುಗೆಮನೆ ಮೂಲೆಯಲ್ಲಿಟ್ಟರು. ಮಂಗಳೂರಿನ ಜುಲೈ ಹೇಗಿರ್ತದೆ ಅಂತ ಗೊತ್ತುಂಟಲ್ಲ, ಬೆಲ್ಟು, ಚಪ್ಪಲಿ, ಸರ್ಟಿಫಿಕೇಟು ಎಲ್ಲದಕ್ಕೂ ಬೂಸ್ಟು. ಚೀಲದೊಳಗೂ ಬಂತು. ಬಿಸಾಡಲು ಮನಸ್ಸಾಗಲಿಲ್ಲ. ಬಿಸಿಲು ಬಿದ್ದ ಒಂದು ದಿನ ಮೊರದಲ್ಲಿ ಒಣಗಿಸಿ, ಕೇರಿ, ಮತ್ತೆ ಹಾಕಿದರು. ಬೂಸ್ಟು ಒಣಗಿದರೂ ಕೆಲವು ಜಾತಿಯ ಬೂಸ್ಟು ಬಿಟ್ಟ ವಿಷ ಬಿಸಿಲಿಗೂ ಹೋಗುವುದಿಲ್ಲ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಲಿವರಿಗೆ ಹೊಡೆಯುತ್ತದೆ.

ಬೊಳ್ಳ ಬದುಕಿದ. ಐದು ದಿನ ಡ್ರಿಪ್ ಹಾಕಿಸಿದೆವು. ಆದರೆ "ನಿಮಗೆ ಬೇಜಾರಾಗ್ತದಂತ ಹೇಳ್ಲಿಲ್ಲ ಮಗಾ" ಅಂತ ದೊಡ್ಡಮ್ಮ ಆಟೋದಲ್ಲಿ ಹೇಳಿದ ಮಾತು ನಮಗೆ ಜೀರ್ಣ ಆಗಲೇ ಇಲ್ಲ. ಚೀಲ ಹಾಳಾದದ್ದು ಅವರಿಗೆ ಜುಲೈನಲ್ಲೇ ಗೊತ್ತಿತ್ತು. ನಮ್ಮ ಹತ್ತಿರ ಹೇಳುವ ಹಾಗೆ ನಾವೇ ಇಟ್ಟಿರಲಿಲ್ಲ.

ಆ ರಾತ್ರಿ ಕೂತು ಜೂನ್‌ನಲ್ಲೇ ಮಾಡಬೇಕಿದ್ದ ಲೆಕ್ಕ ಮಾಡಿದೆವು. ನಾಯಿಗೆ ಎಷ್ಟು ಕ್ಯಾಲೊರಿ ಬೇಕು ಅನ್ನುವುದಕ್ಕೆ ಪಶುವೈದ್ಯರು ಬಳಸುವ ಒಂದು ಸೂತ್ರ ಉಂಟು: ತೂಕವನ್ನು ಕೆಜಿಯಲ್ಲಿ ತೆಗೆದುಕೊಂಡು 0.75ರ ಘಾತಕ್ಕೆ ಏರಿಸಿ, 70ರಿಂದ ಗುಣಿಸಬೇಕು. ಮೊಬೈಲಲ್ಲಿ ಎರಡು ಸಲ ವರ್ಗಮೂಲ ಒತ್ತಿ, ಬಂದದ್ದನ್ನು ಘನ ಮಾಡಿದರೆ ಆಯ್ತು. ಬೊಳ್ಳನ 16 ಕೆಜಿ ನಮಗಾಗಿಯೇ ಮಾಡಿಟ್ಟ ಹಾಗುಂಟು: 16, 4, 2, ಘನ 8. 70 ಗುಣಿಸು 8 ಅಂದರೆ 560. ಇದು ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿ. ಆಪರೇಷನ್ ಆಗಿರುವ ಬೆಳೆದ ಮನೆನಾಯಿಗೆ ಅದರ 1.6 ಪಟ್ಟು, ಹತ್ತಿರ ಹತ್ತಿರ 900 ಕ್ಯಾಲೊರಿ. ಡ್ರೈ ಫುಡ್‌ನಲ್ಲಿ 100 ಗ್ರಾಮಿಗೆ ಸುಮಾರು 350 ಇರುತ್ತದೆ. ಅಂದರೆ ದಿನಕ್ಕೆ 260 ಗ್ರಾಮ್. ನಾವು ಅಷ್ಟು ಜಂಬದಿಂದ ತಂದ 3 ಕೆಜಿ ಚೀಲ ಹನ್ನೊಂದೂವರೆ ದಿನದ ಊಟ! ದೊಡ್ಡಮ್ಮ ಅದನ್ನು ಎರಡು ತಿಂಗಳು ಎಳೆದಿದ್ದರು. ನಿಯತ್ತಾಗಿ ಅದನ್ನೇ ಹಾಕಿದರೆ ತಿಂಗಳಿಗೆ 6 ಸಾವಿರದ ಮೇಲೆ. ಅವರ ಕರೆಂಟ್ ಬಿಲ್, ಗ್ಯಾಸ್, ಹಾಲು ಮೂರೂ ಸೇರಿದರೂ ಅಷ್ಟಾಗುವುದಿಲ್ಲ. ಮೂರು ವರ್ಷ ಡಿಫರೆನ್ಶಿಯಲ್ ಈಕ್ವೇಶನ್ ಮಾಡುವವರಿಗೆ ಒಂದು ಭಾಗಾಕಾರ ಹೊಳೆದಿರಲಿಲ್ಲ.

ಹಾಗಾದರೆ ಗಂಜಿಯೇ ಸರಿ, ನಮ್ಮ ಹಿರಿಯರು ಮಾಡಿದ್ದೆಲ್ಲ ವಿಜ್ಞಾನ, ಅಂತ ಫಾರ್ವರ್ಡ್ ಮೆಸೇಜಿನ ಥರ ಮುಗಿಸುವ ಹಾಗೂ ಇಲ್ಲ. ಅನ್ನ ತಿಂದರೆ ನಾಯಿಗೆ ಜೀರ್ಣ ಆಗುವುದಿಲ್ಲ ಅನ್ನುವುದು ಸುಳ್ಳು. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಬರೆದ ಪ್ರಕಾರ, ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ. ಮನುಷ್ಯರ ಜೊತೆ ಇದ್ದು ಇದ್ದು ಅದು ಅನ್ನಕ್ಕೆ ಹೊಂದಿಕೊಂಡ ಪ್ರಾಣಿ. ಚೀಲದ ಮೇಲಿನ ತೋಳ ಬರೀ ಚಿತ್ರ. 'ಗ್ರೈನ್ ಫ್ರೀ' ಅಂತ ಜಾಸ್ತಿ ರೇಟಿಗೆ ಮಾರುವ ಫುಡ್ ಬಗ್ಗೆಯಂತೂ, ಅದಕ್ಕೂ ನಾಯಿಗಳ ಒಂದು ಹೃದಯದ ಕಾಯಿಲೆಗೂ ಸಂಬಂಧ ಇರಬಹುದಾ ಅಂತ ಅಮೆರಿಕದ ಎಫ್‌ಡಿಎ 2018ರಲ್ಲಿ ತನಿಖೆಯನ್ನೇ ಶುರುಮಾಡಿತು.

ಆದರೆ ಅನ್ನ ಅರಗುವುದು ಬೇರೆ, ಅನ್ನ ಸಾಲುವುದು ಬೇರೆ. ಬೆಳೆದ ನಾಯಿಯ ಊಟದಲ್ಲಿ ನೀರಿನಂಶ ಬಿಟ್ಟು ನೋಡಿದರೆ ಕನಿಷ್ಠ 18 ಶೇಕಡಾ ಪ್ರೋಟೀನ್ ಇರಬೇಕು ಅನ್ನುತ್ತದೆ ಅಮೆರಿಕದ ಆಫ್ಕೋ ಮಾನದಂಡ. ಮರಿಗಾದರೆ 22.5. ಅನ್ನದ ಒಣ ಭಾಗದಲ್ಲಿ ಪ್ರೋಟೀನ್ ಇರುವುದು 8ರ ಆಸುಪಾಸು. ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬೊಳ್ಳನ ಹೊಟ್ಟೆ ದಿನಾ ತುಂಬುತ್ತಿತ್ತು, ಕೂದಲು ಮಾತ್ರ ಉದುರುತ್ತಿತ್ತು. "ಹೊಟ್ಟೆ ತುಂಬ ತಿಂತಾನಲ್ಲ ಮಗಾ" ಅಂತ ದೊಡ್ಡಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಮನೆ ಅಡುಗೆ ಅಂದಮಾತ್ರಕ್ಕೆ ಒಳ್ಳೆಯದು ಅನ್ನುವವರಿಗೆ ಇನ್ನೊಂದು ಲೆಕ್ಕ: 2013ರಲ್ಲೇ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಪುಸ್ತಕ, ವೆಬ್‌ಸೈಟುಗಳಲ್ಲಿದ್ದ 200 ನಾಯಿ ಅಡುಗೆಗಳನ್ನು ಪರೀಕ್ಷಿಸಿದರು. 95 ಶೇಕಡಾದಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆ ಇತ್ತು. ಅದರಲ್ಲಿ ಪಶುವೈದ್ಯರು ಬರೆದ ರೆಸಿಪಿಗಳೂ ಇದ್ದವು.

ಹಾಗಾಗಿ ಈ ಸಲ ನಾವು ದೊಡ್ಡಮ್ಮನ ಅಡುಗೆಮನೆಯಲ್ಲಿ ಎರಡು ದಿನ ಸುಮ್ಮನೆ ಕೂತೆವು. ಏನು ಬೇಯ್ತದೆ, ಎಷ್ಟು ಉಳೀತದೆ, ಯಾವಾಗ ಬೊಳ್ಳನಿಗೆ ಹೋಗ್ತದೆ ಅಂತ ನೋಡಿದೆವು.

ಮೊದಲ ದಿನವೇ ಕಂಡದ್ದು ಈರುಳ್ಳಿ. ನಮ್ಮ ಪುಳಿಮುಂಚಿ, ಗಸಿ, ಸುಕ್ಕ ಯಾವುದನ್ನೇ ತೆಗೆದುಕೊಳ್ಳಿ, ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ ಮಸಾಲೆಯೇ ಇಲ್ಲ. ಇವೆರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಅರೆದರೂ, ಪುಡಿಯಾದರೂ ಅಷ್ಟೇ. ಒಂದು ದಿನಕ್ಕೆ ಏನೂ ಕಾಣಿಸುವುದಿಲ್ಲ, ದಿನಾ ಸಾರು ಸುರಿದರೆ ನಿಧಾನಕ್ಕೆ ರಕ್ತ ಕಡಿಮೆ ಆಗಬಹುದು. ಇದಕ್ಕೆ ಪರಿಹಾರ ಒಂದು ಪೈಸೆ ಖರ್ಚಿಲ್ಲದ್ದು: ಮಸಾಲೆ ಹಾಕುವ ಮೊದಲೇ ಬೊಳ್ಳನ ಪಾಲಿನ ಮೀನು ತೆಗೆದು ಬೇರೆ ಬೇಯಿಸುವುದು. ಇದನ್ನು ಹೇಳಿದಾಗ ದೊಡ್ಡಮ್ಮ "ಅಷ್ಟೇಯಾ?" ಅಂದರು. ಅಷ್ಟೇ. ಇಡೀ ಜೂನ್‌ನಲ್ಲಿ ನಾವು ಹೇಳಿದ ಯಾವ ಮಾತಿಗಿಂತಲೂ ಇದು ಉಪಕಾರದ್ದು, ಮತ್ತು ಇದು ನಮಗೆ ಹೊಳೆದದ್ದು ಅವರ ಒಲೆಯ ಮುಂದೆ ಕೂತಾಗ. ಪಾಯಸದ ಒಣದ್ರಾಕ್ಷಿ, ಚಾಕೊಲೇಟು, ಶುಗರ್ ಫ್ರೀ ಚ್ಯೂಯಿಂಗ್ ಗಮ್ಮು ಕೂಡ ನಾಯಿಗೆ ವಿಷ. ಬೆಂದ ಕೋಳಿ ಎಲುಬು ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ. ಇದಕ್ಕೆ ಮಾತ್ರ ದೊಡ್ಡಮ್ಮ ಒಪ್ಪಲು ಸ್ವಲ್ಪ ಕಷ್ಟವಾಯ್ತು. ಆದಿತ್ಯವಾರ ಎಲುಬಿಲ್ಲದೆ ಬೊಳ್ಳನ ಮುಖ ನೋಡುವುದು ಹೇಗೆ?

ಎರಡನೆಯದು ಮೀನು. ಬೂತಾಯಿ ನಮ್ಮ ಊರಿನ ವರ. ಸೀಸನ್‌ನಲ್ಲಿ ಅಗ್ಗ, ಪ್ರೋಟೀನ್ ಉಂಟು, ಚರ್ಮಕ್ಕೆ ಒಳ್ಳೆಯ ಎಣ್ಣೆಯಂಶ ಉಂಟು. ಕುಕ್ಕರಿನಲ್ಲಿ ಮುಳ್ಳು ಬೆರಳಿಗೆ ಹಿಸುಕಿದರೆ ಪುಡಿಯಾಗುವ ತನಕ ಬೇಯಿಸಿದರೆ ಮುಳ್ಳೇ ಕ್ಯಾಲ್ಸಿಯಂ. ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟು ಕಡಲಿಗಿಳಿಯುವುದಿಲ್ಲ, ಸಿಗುವ ಮೀನಿಗೆ ಕೈ ಹಾಕಲು ಆಗುವುದಿಲ್ಲ. ಆಗ ದೊಡ್ಡಮ್ಮ ಬೊಳ್ಳನಿಗೆ ಒಣಮೀನು ಹಾಕುತ್ತಿದ್ದರು. ಅದು ಮೀನಿಗಿಂತ ಜಾಸ್ತಿ ಉಪ್ಪು. ಆ ಎರಡು ತಿಂಗಳಿಗೆ ಮೊಟ್ಟೆ ಅಂತ ಮಾಡಿದೆವು. ಯಾರಾದರೂ ನಮ್ಮ ಊರಿನವರಿಗೆ ಡಯಟ್ ಚಾರ್ಟ್ ಕೊಡುವುದಾದರೆ ಮೀನುಗಾರಿಕೆ ರಜೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚಾರ್ಟ್ ಕೊಡಬೇಡಿ.

ಹಣದ ಪ್ರಶ್ನೆಗೆ ನಮಗೆ ಒಂದು ಅಳತೆಗೋಲು ಸಿಕ್ಕಿದ್ದು ಬೆಂಗಳೂರಿನಿಂದ. 2025ರ ಜುಲೈನಲ್ಲಿ ಬಿಬಿಎಂಪಿ ಸುಮಾರು 5 ಸಾವಿರ ಬೀದಿನಾಯಿಗಳಿಗೆ ಊಟ ಹಾಕುವ ಯೋಜನೆ ಪ್ರಕಟಿಸಿ ಎಲ್ಲರಿಂದ ಟ್ರೋಲ್ ಆದದ್ದು ನೆನಪಿರಬಹುದು. "ನಮಗೆ ಮೆಸ್ಸಲ್ಲಿ ತಿಳಿಸಾರು, ನಾಯಿಗೆ ಬಿರಿಯಾನಿ" ಅಂತ ನಮ್ಮ ಹಾಸ್ಟೆಲ್ ಗ್ರೂಪಿನಲ್ಲೂ ಮೀಮ್ ಓಡಿತ್ತು. ಬಿರಿಯಾನಿ ಬಿಟ್ಟು ಪಟ್ಟಿ ನೋಡಿ: ಒಂದು ಊಟಕ್ಕೆ 150 ಗ್ರಾಮ್ ಕೋಳಿ, 100 ಗ್ರಾಮ್ ಅಕ್ಕಿ, 100 ಗ್ರಾಮ್ ತರಕಾರಿ, 10 ಗ್ರಾಮ್ ಎಣ್ಣೆ, ರೇಟು 22 ರೂಪಾಯಿ 42 ಪೈಸೆ. ಬೀದಿನಾಯಿಗೆ ಸರ್ಕಾರ ಊಟ ಹಾಕಬೇಕಾ ಬೇಡವಾ ಅನ್ನುವ ಜಗಳ ಬೇರೆ ದಿನಕ್ಕೆ. ನಮಗೆ ಬೇಕಾದ್ದು ಆ ಅನುಪಾತ. ಅಕ್ಕಿಗಿಂತ ಕೋಳಿ ಜಾಸ್ತಿ, ಆದರೂ ಸಾಗಾಣಿಕೆ ಸೇರಿ ಒಂದು ಪ್ಲೇಟ್ ಗೋಳಿಬಜೆಯ ರೇಟು! ಆ ಪಟ್ಟಿಯಲ್ಲಿ ಕ್ಯಾಲ್ಸಿಯಮ್ಮಿಗೆ ಏನೂ ಇಲ್ಲ ಅನ್ನುವುದು ನಮ್ಮ ತಕರಾರು. ಮೀಮ್ ಮಾಡಿದವರಲ್ಲಿ ಯಾರೂ ಅದನ್ನು ಕೇಳಲಿಲ್ಲ.

ಅದನ್ನೇ ಇಟ್ಟುಕೊಂಡು, ಡಾಕ್ಟರ್ ಮೇಡಂಗೆ ತೋರಿಸಿ, ಬೊಳ್ಳನ ಪಟ್ಟಿ ಮಾಡಿದೆವು. ಅರ್ಧ ಊಟ ಮನೆಯದ್ದು, ಅರ್ಧ ಅಂಗಡಿಯದ್ದು. ಅಂಗಡಿಯದ್ದು ಯಾಕೆ ಅಂದರೆ ವಿಟಮಿನ್, ಖನಿಜಗಳನ್ನು ಅಡುಗೆಮನೆಯಲ್ಲಿ ಲೆಕ್ಕ ಹಾಕಿ ಹಾಕಲು ನಮ್ಮಿಂದಾಗುವುದಿಲ್ಲ. ತೋಳದ ಚಿತ್ರದ್ದು ಬೇಡ, ಕೆಜಿಗೆ 250 ರೂಪಾಯಿಯ ಸಾಧಾರಣದ್ದೇ ಸಾಕು ಅಂದರು ಮೇಡಂ. 'ಬೆಳೆದ ನಾಯಿಗೆ ಸಂಪೂರ್ಣ ಆಹಾರ' ಅಂತ ಬರೆದಿರಬೇಕು, ತಿಂಡಿ ಅಂತಲ್ಲ. ದಿನಕ್ಕೆ 130 ಗ್ರಾಮ್. ಉಳಿದ ಅರ್ಧಕ್ಕೆ ಎರಡು ಸೌಟು ಅನ್ನ, 100 ಗ್ರಾಮ್ ಕೋಳಿ ಅಥವಾ ಬೂತಾಯಿ, ಒಂದು ಮೊಟ್ಟೆ, ಸ್ವಲ್ಪ ಚೀನಿಕಾಯಿಯೋ ಬೀನ್ಸೋ. ಕೋಳಿ ಅಂಗಡಿಯಲ್ಲಿ ಗಿಜರ್ಡು, ಹಾರ್ಟು ಕೇಳಿದರೆ ಮಾಂಸಕ್ಕಿಂತ ಕಡಿಮೆಗೆ ಸಿಗುತ್ತದೆ. ಲಿವರ್ ವಾರಕ್ಕೆ ಒಂದು ಸಲ ಸಾಕು, ಅತಿಯಾದರೆ ವಿಟಮಿನ್ ಎ ಜಾಸ್ತಿಯಾಗುತ್ತದೆ. ಎಲ್ಲ ಸೇರಿ ದಿನಕ್ಕೆ 60 ರೂಪಾಯಿ ಒಳಗೆ. ಗಂಜಿ ಮಾತ್ರ ಹಾಕುವುದಕ್ಕಿಂತ ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. ಅದರಲ್ಲಿ ಅಂಗಡಿ ಫುಡ್ಡಿನ ತಿಂಗಳ ಸಾವಿರ ರೂಪಾಯಿಯನ್ನು ನಾವು ಮೂವರು ಹಂಚಿಕೊಂಡೆವು. ತಲೆಗೆ 330 ಚಿಲ್ಲರೆ. ಒಂದು ಸಲ ಹೀರೋ ಆಗುವುದಕ್ಕಿಂತ ಪ್ರತಿ ತಿಂಗಳು ಇದನ್ನು ಕಳಿಸುವುದು ಬೋರಿಂಗ್, ಆದರೆ ಬೊಳ್ಳ ತಿನ್ನುವುದು ಪ್ರತಿ ತಿಂಗಳು.

ಗ್ರಾಮಿನ ಮಾತು ದೊಡ್ಡಮ್ಮನಿಗೆ ಹಿಡಿಸಲಿಲ್ಲ. "ನನ್ನ ಹತ್ರ ತಕ್ಕಡಿ ಇಲ್ಲ ಮಾರಾಯ" ಅಂದರು. ಸರಿ, ಅವರ ಸೌಟನ್ನೇ ತೂಗಿದೆವು, ಒಂದು ಸೌಟು ಅನ್ನ 75 ಗ್ರಾಮ್. ಅವರ ಅಕ್ಕಿ ಅಳೆಯುವ ಕುಡ್ತೆಯಲ್ಲಿ ಡ್ರೈ ಫುಡ್ ತುಂಬಿ ತೂಗಿ, 130 ಗ್ರಾಮ್ ಬರುವಲ್ಲಿ ಒಳಗೆ ಗೀಟು ಹಾಕಿದೆವು. ಮುಚ್ಚಳ ಬಿಗಿಯಾದ ಡಬ್ಬ ತಂದೆವು, ದೊಡ್ಡ ಚೀಲದ ಡಿಸ್ಕೌಂಟ್ ಬಿಟ್ಟು ಮಳೆಗಾಲಕ್ಕೆ ಸಣ್ಣ ಚೀಲವೇ ಸಾಕು ಅಂತ ತೀರ್ಮಾನಿಸಿದೆವು. ಆಮೇಲೆ ಇದನ್ನೆಲ್ಲ ಕನ್ನಡದಲ್ಲಿ ಬರೆದು ಫ್ರಿಡ್ಜಿಗೆ ಅಂಟಿಸಬೇಕಾಯ್ತು. ಇಂಗ್ಲಿಷ್ ಮೀಡಿಯಂನ ನಮಗೆ ನಿಜವಾದ ಪರೀಕ್ಷೆ ಅದು. ಲೇಬಲ್ಲಿನ 'ಕ್ರೂಡ್ ಪ್ರೋಟೀನ್' ನಮಗೆ ಗೊತ್ತು, ಅದನ್ನು ದೊಡ್ಡಮ್ಮನಿಗೆ ಹೇಗೆ ಹೇಳುವುದು ಗೊತ್ತಿಲ್ಲ. ಕೊನೆಗೆ "ಮೈಗೆ ಹಿಡಿಯುವ ಅಂಶ" ಅಂತ ಬರೆದೆವು. 'ಈರುಳ್ಳಿ ಬೆಳ್ಳುಳ್ಳಿ ಬೇಡ' ಅಂತ ಬರೆದದ್ದರಲ್ಲಿ ಳ ಮತ್ತು ಲ ತಪ್ಪಿತ್ತು. ದೊಡ್ಡಮ್ಮ ಕೆಂಪು ಪೆನ್ನಲ್ಲಿ ತಿದ್ದಿದರು, ಅದೂ ಹಾಗೇ ಅಂಟಿಕೊಂಡುಂಟು.

ಎಲ್ಲರ ಮನೆಯ ಸಮಸ್ಯೆ ಒಂದೇ ಅಲ್ಲ. ಚಿಲಿಂಬಿಯಲ್ಲಿರುವ ಚಿಕ್ಕಪ್ಪನಿಗೆ ದುಡ್ಡಿನ ಚಿಂತೆ ಇಲ್ಲ, ಅವರ ಲ್ಯಾಬ್ರಡಾರಿಗೆ ತಿನ್ನುವುದೇ ಕೆಲಸ. ಒಳ್ಳೆಯ ಫುಡ್ಡೇ ಹಾಕ್ತಾರೆ, ಅದರ ಮೇಲೆ ಪೇಪರ್ ಓದುವಾಗ ನಾಲ್ಕು ಬಿಸ್ಕತ್ತು, ವಾಕಿಂಗ್ ಮುಗಿಸಿ ಬಂದು ನಾಲ್ಕು. ಗ್ಲೂಕೋಸ್ ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ನೋಡಿ, ಕಾಲು ಭಾಗದಷ್ಟು ಸಕ್ಕರೆ. ಅವರಿಗೆ ನಾವು 2002ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಹೇಳಿದೆವು: 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟ ಹಾಕಿದರು, ಜೀವನಪೂರ್ತಿ. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಜಾಸ್ತಿ ತಿಂದವು 11.2. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದಾ" ಅಂದರು. ಪಕ್ಕೆಲುಬಿನ ಪರೀಕ್ಷೆಯನ್ನೂ ತೋರಿಸಿದೆವು. ಅಂಗೈ ಕೆಳಗೆ ಮಾಡಿ ಕೈ ಚಾಚಿ, ಇನ್ನೊಂದು ಕೈಯ ಬೆರಳಿಂದ ಗೆಣ್ಣುಗಳ ಮೇಲೆ ಸವರಿ. ನಾಯಿಯ ಪಕ್ಕೆ ಹಾಗೆ ಸಿಕ್ಕಿದರೆ ತೂಕ ಸರಿ. ಮುಷ್ಟಿ ಹಿಡಿದಾಗಿನ ಗೆಣ್ಣಿನ ಹಾಗೆ ಸಿಕ್ಕಿದರೆ ಬಡಕಲು, ಅಂಗೈಯ ಹಾಗೆ ಮೆತ್ತಗಿದ್ದರೆ ದಪ್ಪ. ಚಿಕ್ಕಪ್ಪನ ನಾಯಿಯಲ್ಲಿ ಪಕ್ಕೆಲುಬು ಹುಡುಕಲು ನಮಗೆ ಮೂವರು ಬೇಕಾಯ್ತು.

ಮುಂದಿನ ಸಲ ಊರಿಗೆ ಹೋಗುವಾಗ ನಿಮ್ಮ ಅತ್ತೆ, ಮಾವ, ಅಜ್ಜಿಯ ಮನೆಯಲ್ಲೂ ಒಂದು ಬೊಳ್ಳ ಇರ್ತಾನೆ. "ಇದೆಲ್ಲ ಹಾಕ್ಬಾರ್ದು" ಅಂತ ಶುರುಮಾಡಬೇಡಿ. ಆ ಮಾತು ಕೇಳಿದ ಮೇಲೆ ಅವರು ನಿಮಗೆ ನಿಜ ಹೇಳುವುದು ನಿಲ್ಲಿಸ್ತಾರೆ, ಡಾಕ್ಟರಿಗೂ ನಿಮ್ಮೆದುರು ಹೇಳುವುದಿಲ್ಲ. ನಿನ್ನೆ ಎಂತ ಹಾಕಿದ್ರಿ, ತಿಂಗಳಿಗೆ ಎಷ್ಟು ಖರ್ಚು ಮಾಡ್ಲಿಕ್ಕೆ ಆಗ್ತದೆ ಅಂತ ಕೇಳಿ. ಉತ್ತರ ಬಂದ ಮೇಲೆ ಮುಖ ಹಿಂಡಬೇಡಿ.

ಬೊಳ್ಳನ ತೂಕ ನೋಡುವುದಕ್ಕೆ ಅವನನ್ನು ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಮ್ಮ ತೂಕ ಕಳೆಯಬೇಕು. ಕಾಯಿಲೆಯಲ್ಲಿ 14ಕ್ಕೆ ಇಳಿದವನು ಈಗ ಮತ್ತೆ 16. ಬೆನ್ನಿನ ಕೂದಲು ಬಂದಿದೆ. ಚಿಕ್ಕಪ್ಪ ಬಿಸ್ಕತ್ತು ನಿಲ್ಲಿಸಿಲ್ಲ, ಒಂದನ್ನು ನಾಲ್ಕು ತುಂಡು ಮಾಡಿ ನಾಲ್ಕು ಸಲ ಕೊಡ್ತಾರೆ. ನಾಯಿಗೆ ಇನ್ನೂ ಗೊತ್ತಾಗಿಲ್ಲ. ಮೊನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು, ಮೊಟ್ಟೆ ರೇಟ್ ಜಾಸ್ತಿಯಾಗಿದೆಯಂತೆ, ವಾರಕ್ಕೆ ಎರಡು ದಿನ ಮೊಟ್ಟೆ ಬದಲು ಬೂತಾಯಿ ಜಾಸ್ತಿ ಹಾಕಿದರೆ ನಡೀತದಾ ಅಂತ ಕೇಳಲಿಕ್ಕೆ.